ಮೂರು ಕೂಸುಗಳ ಮನೆಯ ಬೆಳಗು: ಒಂದು ಸಂವಾದ

ವರ್ಷ ತುಂಬದ ಅವಳಿ ಮಕ್ಕಳೂ ಎರಡು–ಮೂರು ವರ್ಷದ ಇನ್ನೊಂದು ಮಗುವೂ ಇರುವ ಮನೆಯಲ್ಲಿ ಕೆಲಸದ ದಿನದ ಬೆಳಗು ಹೇಗೆ ಸಾಗಬೇಕು ಎಂಬ ಪ್ರಶ್ನೆಯನ್ನು ಮಕ್ಕಳ ವೈದ್ಯಶಾಸ್ತ್ರವೂ ಗೃಹವಿಜ್ಞಾನವೂ ತಮ್ಮ ತಮ್ಮ ಕಡೆಯಿಂದ ನೋಡುತ್ತವೆ. ಮೊದಲನೆಯದು ಮಗುವಿನ ಹಸಿವು, ನಿದ್ದೆ, ಸುರಕ್ಷತೆಗಳಿಂದ ಹೊರಟರೆ ಎರಡನೆಯದು ಮನೆಯಲ್ಲಿರುವ ಕೈಗಳು, ಗಂಟೆಗಳು, ಕೆಲಸಗಳ ಹಂಚಿಕೆಯಿಂದ ಹೊರಡುತ್ತದೆ. ಈ ಎರಡೂ ದೃಷ್ಟಿಗಳನ್ನು ಎದುರುಬದುರು ಕೂರಿಸುವ ಉದ್ದೇಶದಿಂದ ಮುಂದಿನ ಚರ್ಚೆಯನ್ನು ಒಬ್ಬ ಹಿರಿಯ ಮಕ್ಕಳ ವೈದ್ಯೆ ಮತ್ತು ಒಬ್ಬ ಗೃಹವಿಜ್ಞಾನದ ಅಧ್ಯಾಪಕಿಯ ನಡುವಿನ ಸಂವಾದವಾಗಿ ನಿರೂಪಿಸಲಾಗಿದೆ. ಇಬ್ಬರೂ ಮುಂದಿಟ್ಟುಕೊಂಡಿರುವುದು ಬೆಂಗಳೂರಿನ ಒಂದು ಸಾಧಾರಣ ಮನೆಯ ಮಾದರಿಯನ್ನು. ಅಲ್ಲಿ ತಂದೆ–ತಾಯಿ ಇಬ್ಬರೂ ದುಡಿಯುವವರು. ಅವಳಿಗಳಿಗೆ ಐದು ತಿಂಗಳು, ದೊಡ್ಡ ಮಗುವಿಗೆ ಎರಡೂವರೆ ವರ್ಷ. ಹಗಲಿಗೆ ಅಜ್ಜಿಯಿದ್ದಾರೆ, ಏಳು ಗಂಟೆಗೆ ಮನೆಗೆಲಸದಾಕೆ ಬರುತ್ತಾಳೆ. ಬಾಣಂತನ ಮುಗಿಸಿ ತವರಿನಿಂದ ಮರಳಿದ ತಾಯಿ ಮತ್ತೆ ಕಚೇರಿಗೆ ಹೋಗಬೇಕಾದ ದಿನ ಹತ್ತಿರವಾಗಿದೆ.

ಅಧ್ಯಾಪಕಿ: ಡಾಕ್ಟರೇ, ಇಂಥ ಮನೆಗೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಒಂದು ವೇಳಾಪಟ್ಟಿ: ಐದಕ್ಕೆ ಏಳುವುದು, ಐದೂವರೆಗೆ ಹಾಲೂಡಿಸುವುದು, ಆರಕ್ಕೆ ಒಲೆ ಹಚ್ಚುವುದು, ಹೀಗೆ ಎಂಟೂವರೆಯವರೆಗೆ. ಆದರೆ ಒಂದು ಕೂಸು ನಾಲ್ಕೂವರೆಗೇ ಎದ್ದುಬಿಟ್ಟರೆ, ಅಥವಾ ದೊಡ್ಡದಕ್ಕೆ ನೆಗಡಿಯಾಗಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರೆ, ಆ ಪಟ್ಟಿ ಮೊದಲ ಅರ್ಧ ಗಂಟೆಯಲ್ಲೇ ತಪ್ಪಿಹೋಗುತ್ತದೆ. ತಪ್ಪಿದ್ದಕ್ಕೆ ತಾಯಿ ತನ್ನನ್ನೇ ದೂಷಿಸಿಕೊಳ್ಳುತ್ತಾಳೆ. ಹಾಗಾದರೆ ಪಟ್ಟಿಯೇ ಬೇಡವೇ?

ವೈದ್ಯೆ: ಗಂಟೆ ಬರೆದ ಪಟ್ಟಿ ಬೇಡ, ಆದರೆ ಸರದಿ ಬೇಕೇ ಬೇಕು. ಸರದಿ ಎಂದರೆ ಯಾವ ಕೆಲಸದ ಹಿಂದೆ ಯಾವ ಕೆಲಸ ಬರುತ್ತದೆ ಎಂಬ ನಿಶ್ಚಯ. ಕೂಸು ನಾಲ್ಕೂವರೆಗೆ ಎದ್ದರೂ ಆರಕ್ಕೆ ಎದ್ದರೂ ಒದ್ದೆ ಬಟ್ಟೆ ಬದಲಿಸುವುದು, ಹಾಲೂಡಿಸುವುದು, ಹೆಗಲಿಗೆ ಹಾಕಿಕೊಂಡು ತೇಗಿಸುವುದು, ಚಾಪೆಯ ಮೇಲೆ ಆಡಲು ಬಿಡುವುದು, ಮತ್ತೆ ಮಲಗಿಸುವುದು ಎಂಬ ಕ್ರಮ ಬದಲಾಗಬೇಕಾಗಿಲ್ಲ. ಆಗಷ್ಟೇ ಹುಟ್ಟಿದ ಕೂಸಿನ ಶರೀರಕ್ಕೆ ಹಗಲು–ರಾತ್ರಿಯ ವ್ಯತ್ಯಾಸ ಇನ್ನೂ ತಿಳಿದಿರುವುದಿಲ್ಲ. ಎರಡು–ಮೂರು ತಿಂಗಳು ಕಳೆದ ಮೇಲೆ ಆ ಲಯ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ, ಮತ್ತು ಐದಾರು ತಿಂಗಳ ಹೊತ್ತಿಗೆ ಹೆಚ್ಚಿನ ಕೂಸುಗಳು ಎದ್ದು ಎರಡು, ಎರಡೂವರೆ ಗಂಟೆಯಾಗುವಷ್ಟರಲ್ಲಿ ಕಣ್ಣುಜ್ಜತೊಡಗುತ್ತವೆ. ಇಷ್ಟು ತಿಳಿದಿದ್ದರೆ ಬೆಳಗಿನ ಅರ್ಧ ಯೋಜನೆ ತಾನಾಗಿ ಕೂಡಿಬರುತ್ತದೆ: ಆರು ಗಂಟೆಗೆ ಎದ್ದ ಅವಳಿಗಳು ಎಂಟು, ಎಂಟೂಕಾಲರ ಸುಮಾರಿಗೆ ನಿದ್ದೆಗೆ ಜಾರುತ್ತವೆ, ದೊಡ್ಡ ಮಗು ಪ್ಲೇಹೋಮಿಗೆ ಹೊರಡುವ ಹೊತ್ತೂ ಅದೇ.

ಅಧ್ಯಾಪಕಿ: ಅದು ಎರಡೂ ಕೂಸುಗಳು ಒಟ್ಟಿಗೆ ಎದ್ದರೆ ಮಾತ್ರ. ಒಂದು ಐದಕ್ಕೆ, ಇನ್ನೊಂದು ಆರೂವರೆಗೆ ಎದ್ದರೆ ಈ ಲೆಕ್ಕ ಕೂಡುವುದಿಲ್ಲ. ಮಲಗಿದ ಮಗುವನ್ನು ಎಬ್ಬಿಸಬಾರದೆಂದು ಮನೆಯ ಹಿರಿಯರು ಹೇಳುತ್ತಾರೆ. ಆ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ವೈದ್ಯೆ: ಒಂದೇ ಕೂಸಿರುವ ಮನೆಗೆ ಆ ಮಾತು ಸರಿ. ಅವಳಿಗಳಿರುವ ಮನೆಯಲ್ಲಿ ಒಂದು ಎದ್ದು ಹಾಲು ಕುಡಿದ ಅರ್ಧ ಗಂಟೆಯೊಳಗೆ ಇನ್ನೊಂದನ್ನೂ ಮೆಲ್ಲನೆ ಎಬ್ಬಿಸಿ ಕುಡಿಸುವುದು ಒಳ್ಳೆಯದು. ಹಾಲೂಡಿಸಿ, ತೇಗಿಸಿ, ಬಟ್ಟೆ ಬದಲಿಸುವುದಕ್ಕೆ ಒಂದು ಕೂಸಿಗೆ ಮುಕ್ಕಾಲು ಗಂಟೆ ಹಿಡಿಯುವುದಾದರೆ, ಬೇರೆ ಬೇರೆ ಹೊತ್ತಿಗೆ ಏಳುವ ಎರಡರ ಆರೈಕೆ ಒಂದರ ಬೆನ್ನಿಗೆ ಒಂದು ಬಂದು ಮುಗಿಯುವುದೇ ಇಲ್ಲ. ತಾಯಿಗೆ ಕಾಫಿ ಬಿಸಿಯಾಗಿರುವಾಗಲೇ ಕುಡಿಯುವಷ್ಟು ಬಿಡುವೂ ಉಳಿಯುವುದಿಲ್ಲ. ಎದೆಹಾಲು ಕುಡಿಸುವ ತಾಯಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಗೋಡೆಗೆ ಒರಗಿ ಕುಳಿತು, ಎರಡೂ ಪಕ್ಕಕ್ಕೆ ದಿಂಬುಗಳನ್ನಿಟ್ಟು, ಕೊಡವನ್ನು ಕಂಕುಳಲ್ಲಿ ಇರುಕಿಕೊಂಡಂತೆ ಒಂದೊಂದು ಕೂಸನ್ನು ಒಂದೊಂದು ಪಕ್ಕದಲ್ಲಿ ಹಿಡಿದರೆ ತಲೆಗಳು ಮುಂದೆ ಅಂಗೈಯ ಆಸರೆಯಲ್ಲಿರುತ್ತವೆ, ಕಾಲುಗಳು ತಾಯಿಯ ಬೆನ್ನಿನ ಕಡೆಗೆ ಚಾಚಿಕೊಂಡಿರುತ್ತವೆ. ಮೊದಮೊದಲು ಎರಡನೆಯ ಕೂಸನ್ನು ಎತ್ತಿಕೊಡಲು ಇನ್ನೊಬ್ಬರು ಬೇಕು. ಕುತ್ತಿಗೆ ನಿಂತ ಮೇಲೆ ತಾಯಿಯೊಬ್ಬಳೇ ನಿಭಾಯಿಸಬಲ್ಲಳು. ಬಾಟಲಿಯಲ್ಲಿ ಕುಡಿಯುವ ಕೂಸಾದರೆ ಬಾಟಲಿಯನ್ನು ದಿಂಬಿಗೆ ಆನಿಸಿಟ್ಟು ಬೇರೆ ಕೆಲಸಕ್ಕೆ ಎದ್ದುಹೋಗುವುದು ಎಂದಿಗೂ ಕೂಡದು, ಏಕೆಂದರೆ ಹಾಲು ಶ್ವಾಸನಾಳಕ್ಕೆ ನುಗ್ಗಿದಾಗ ಕೂಸಿಗೆ ಅಳಲೂ ಆಗುವುದಿಲ್ಲ.

ಅಧ್ಯಾಪಕಿ: ಅವಳಿಗಳು ಹಲವು ಬಾರಿ ದಿನ ತುಂಬುವ ಮೊದಲೇ ಹುಟ್ಟುತ್ತವೆ. ಐದು ತಿಂಗಳೆಂದು ಲೆಕ್ಕ ಹಾಕಿದ ಕೂಸು ಐದು ತಿಂಗಳ ಕೂಸಿನಂತೆ ನಡೆದುಕೊಳ್ಳದಿದ್ದರೆ?

ವೈದ್ಯೆ: ಅರ್ಧಕ್ಕಿಂತ ಹೆಚ್ಚು ಅವಳಿಗಳು 37 ವಾರ ತುಂಬುವ ಮುನ್ನವೇ ಹುಟ್ಟುತ್ತವೆ. ಅಂಥ ಕೂಸಿನ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸದೆ ಹುಟ್ಟಬೇಕಾಗಿದ್ದ ದಿನದಿಂದ ಎಣಿಸುತ್ತಾರೆ. ಇದಕ್ಕೆ ಸರಿಪಡಿಸಿದ ವಯಸ್ಸು ಎಂದು ಹೆಸರು. 35 ವಾರಕ್ಕೆ ಹುಟ್ಟಿದ ಐದು ತಿಂಗಳ ಕೂಸು ನಿದ್ದೆಯಲ್ಲೂ ಕತ್ತು ನಿಲ್ಲುವುದರಲ್ಲೂ ಸುಮಾರು ನಾಲ್ಕು ತಿಂಗಳ ಕೂಸಿನಂತಿರುವುದು ಸಹಜ. ಎದುರುಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗುವ ತಾಯಂದಿರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಅಧ್ಯಾಪಕಿ: ಇಷ್ಟು ಹೊತ್ತೂ ಮಾತು ಅವಳಿಗಳ ಸುತ್ತಲೇ ನಡೆಯಿತು. ಮನೆಯಲ್ಲೂ ಹೀಗೇ ಆಗುತ್ತದೆ. ಎರಡು ಕೂಸುಗಳ ಸರದಿ ಕೂಡಿಸುವಷ್ಟರಲ್ಲಿ ಎಂಟು ಗಂಟೆಯಾಗಿರುತ್ತದೆ, ಆಮೇಲೆ ದೊಡ್ಡ ಮಗುವನ್ನು ದರದರನೆ ಎಳೆದುಕೊಂಡು ಹೋಗಿ ಮುಖ ತೊಳೆದು, ತುತ್ತು ತುರುಕಿ, ಚಪ್ಪಲಿ ಹಾಕಿಸಿ ಹೊರಡಿಸುತ್ತಾರೆ.

ವೈದ್ಯೆ: ಮನೆಮಂದಿಯೆಲ್ಲ ಎಡವುವುದು ಅಲ್ಲಿಯೇ. ಬೆಳಗಿನ ಸರದಿಯನ್ನು ದೊಡ್ಡ ಮಗುವಿನ ಸುತ್ತ ಕಟ್ಟಬೇಕು. ಅವಳಿಗಳ ಕೆಲಸಗಳನ್ನು ಅದರ ಸಂದುಗಳಲ್ಲಿ ಹೊಂದಿಸಬೇಕು. ಮೂವರಲ್ಲಿ ಗಡಿಯಾರಕ್ಕೆ ಕಟ್ಟುಬಿದ್ದಿರುವುದು ಪ್ಲೇಹೋಮಿಗೆ ಹೋಗುವ ಆ ಮಗು ಮಾತ್ರ. ಹಿಂದೆ ಈ ಮನೆ ಹೇಗಿತ್ತು, ಅಮ್ಮನ ಮಡಿಲು ಯಾರದಾಗಿತ್ತು ಎಂಬ ನೆನಪಿರುವುದೂ ಅದಕ್ಕೆ ಮಾತ್ರ. ಅವಳಿಗಳಿಗೆ ಹಸಿವು ನೀಗಿ ಮೈ ಒಣಗಿದ್ದರೆ ಹತ್ತು ನಿಮಿಷ ಚಾಪೆಯ ಮೇಲೆ ಕೈಕಾಲು ಆಡಿಸಿಕೊಂಡಿರುತ್ತವೆ. ಎರಡೂವರೆ ವರ್ಷದ ಮಗುವಿಗೆ ಆ ಹತ್ತು ನಿಮಿಷ ಸಿಗದೆ ಹೋದರೆ ಅದು ಅಂಗಿ ಹಾಕಿಸಿಕೊಳ್ಳಲು ಒಲ್ಲೆ ಎನ್ನುತ್ತದೆ, ತಟ್ಟೆ ಚೆಲ್ಲುತ್ತದೆ, ಒಂದೂವರೆ ತಿಂಗಳ ಹಿಂದೆ ಬಿಟ್ಟಿದ್ದ ಚಡ್ಡಿ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತದೆ, ತನಗೂ ಬಾಟಲಿ ಬೇಕೆನ್ನುತ್ತದೆ. ಬೆಳವಣಿಗೆಯಲ್ಲಿ ಹೀಗೆ ಒಂದು ಹೆಜ್ಜೆ ಹಿಂದಕ್ಕೆ ಹೋಗುವುದು ತಮ್ಮನೋ ತಂಗಿಯೋ ಹುಟ್ಟಿದ ಮನೆಯಲ್ಲಿ ತೀರ ಸಾಮಾನ್ಯ. ಹಟವೆಂದು ಗದರಿಸಿದರೆ ಅದು ಹೆಚ್ಚುತ್ತದೆ. ಮಗು ಎದ್ದ ಕೂಡಲೇ ಒಬ್ಬರು ಅದೊಂದರ ಜೊತೆ ಮಾತ್ರ ಕುಳಿತು, ಕೈಯಲ್ಲಿ ಇನ್ನೊಂದು ಕೆಲಸವಿಟ್ಟುಕೊಳ್ಳದೆ, ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸಿ ಮಾತಾಡಿಸಿದರೆ ಕ್ರಮೇಣ ಇಳಿಯುತ್ತದೆ.

ಅಧ್ಯಾಪಕಿ: ಆ ಹೊತ್ತಿನಲ್ಲೇ ಒಂದು ಕೂಸು ಅಳತೊಡಗಿದರೆ ಯಾರ ಕಡೆ ಹೋಗಬೇಕು?

ವೈದ್ಯೆ: ಅಳುವಿನ ಕಾರಣ ನೋಡಿ ತೀರ್ಮಾನಿಸಬೇಕು. ಹಸಿವು, ನೋವು, ಜ್ವರ, ಉಸಿರಾಟದ ತೊಂದರೆಗಳಿಗೆ ಕಾಯುವಿಕೆ ಸಲ್ಲದು. ಹೊಟ್ಟೆ ತುಂಬಿದ, ಸುರಕ್ಷಿತ ಜಾಗದಲ್ಲಿರುವ ಕೂಸು ಎತ್ತಿಕೊಳ್ಳಲೆಂದು ಅತ್ತರೆ ಮೂರು–ನಾಲ್ಕು ನಿಮಿಷ ಅಳುವುದರಿಂದ ಅದಕ್ಕೆ ಹಾನಿಯಿಲ್ಲ. ಸುರಕ್ಷಿತ ಜಾಗವೆಂದರೆ ನೆಲ. ನಾಲ್ಕು ತಿಂಗಳಾದ ಕೂಸು ಯಾವ ಗಳಿಗೆಯಲ್ಲಾದರೂ ಮಗುಚಿಕೊಳ್ಳಬಹುದಾದ್ದರಿಂದ ಮಂಚ, ದಿವಾನ, ಸೋಫಾ ಯಾವುದೂ ಸುರಕ್ಷಿತವಲ್ಲ. ಇನ್ನೊಂದು ಅಪಾಯ ಪ್ರೀತಿಯಿಂದಲೇ ಬರುತ್ತದೆ: ದೊಡ್ಡ ಮಗು ತನ್ನ ಕೈಯಲ್ಲಿರುವ ಕಡಲೆಬೀಜವನ್ನೋ ದ್ರಾಕ್ಷಿಯನ್ನೋ ಪುಟ್ಟ ಬಾಯಿಗೆ ಇಟ್ಟುಬಿಡುತ್ತದೆ. ಆದ್ದರಿಂದ ಮೂವರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಅಡುಗೆಮನೆಗೆ ಹೋಗುವಂತಿಲ್ಲ, ಕುಕ್ಕರ್ ಎಷ್ಟು ಸಲ ಕೂಗಿದರೂ ಸರಿಯೇ.

ಅಧ್ಯಾಪಕಿ: ಅಡುಗೆಮನೆಗೆ ಹೋಗುವವರು ಯಾರು, ಕೋಣೆಯಲ್ಲಿ ನಿಲ್ಲುವವರು ಯಾರು ಎಂಬುದೇ ಗೃಹವಿಜ್ಞಾನದ ಮುಖ್ಯ ಪ್ರಶ್ನೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ, ಅಂದರೆ ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಯಾವುದಕ್ಕೆ ಎಷ್ಟು ಕಳೆಯುತ್ತಾರೆಂದು ಅಳೆಯುವ ಸಮೀಕ್ಷೆ, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು 97 ನಿಮಿಷ ಕೊಡುತ್ತಾರೆ. ಮನೆಯವರ ಆರೈಕೆಯಲ್ಲಿ ಈ ಅಂಕಿಗಳು 134 ಮತ್ತು 76. ಇಂಥ ಹಂಚಿಕೆಯ ಮೇಲೆ ಮೂರು ಕೂಸುಗಳ ಬೆಳಗನ್ನು ಹೇರಿದರೆ ಯಾವ ಸರದಿಯೂ ನಿಲ್ಲದು. ಬೆಳಗು ಕೆಡುವುದು ತಾಯಿಗೆ ಚುರುಕುತನ ಸಾಲದೆ ಅಲ್ಲ, ಮನೆಯಲ್ಲಿರುವ ಕೈಗಳ ಲೆಕ್ಕವೇ ತಪ್ಪಾಗಿ.

ವೈದ್ಯೆ: ಆದರೆ ಈಚಿನ ತಂದೆಯರು ಮಗುವನ್ನು ಎತ್ತಿಕೊಳ್ಳುತ್ತಾರೆ, ಡೈಪರ್ ಬದಲಿಸುತ್ತಾರೆ. ಲಸಿಕೆ ಹಾಕಿಸಲು ಒಬ್ಬರೇ ಕರೆತರುವ ತಂದೆಯರೂ ಆಸ್ಪತ್ರೆಯಲ್ಲಿ ಕಾಣಸಿಗುತ್ತಾರೆ.

ಅಧ್ಯಾಪಕಿ: ಅದನ್ನು ಮೆಚ್ಚಲೇಬೇಕು. ಆದರೆ ಹೇಳಿದ ಕೆಲಸ ಮಾಡಿಕೊಡುವುದು ಬೇರೆ, ಒಂದು ಕೆಲಸವನ್ನು ತುದಿಯಿಂದ ತುದಿಯವರೆಗೆ ಹೊತ್ತುಕೊಳ್ಳುವುದು ಬೇರೆ. ಗಂಡ ಅಂಗಿ ಹಾಕಿಸುತ್ತಾನೆ, ಆದರೆ ಯಾವ ಅಂಗಿ ಒಗೆದಿದೆ, ಡಬ್ಬಿಗೆ ಏನು ಹಾಕಬೇಕು, ಬುಧವಾರ ಬಣ್ಣದ ಬಟ್ಟೆ ಕಳಿಸಬೇಕೆಂದು ಪ್ಲೇಹೋಮಿನವರು ಹೇಳಿದ್ದರೇ ಎಂಬುದನ್ನೆಲ್ಲ ಹೆಂಡತಿಯೇ ನೆನಪಿಟ್ಟು ಕೂಗಿ ಹೇಳಬೇಕಾದರೆ ಅವಳ ಹೊರೆ ಇಳಿಯುವುದಿಲ್ಲ. ಎರಡು ಕೂಸುಗಳಿಗೆ ಹಾಲೂಡಿಸುತ್ತಲೇ ಅವಳು ಮೂರನೆಯ ಮಗುವನ್ನೂ ಮನಸ್ಸಿನಲ್ಲಿ ಸಿದ್ಧಗೊಳಿಸುತ್ತಿರುತ್ತಾಳೆ. ಈ ಮಾದರಿ ಮನೆಯಲ್ಲಿ ದೊಡ್ಡ ಮಗು ಎದ್ದ ಗಳಿಗೆಯಿಂದ ಪ್ಲೇಹೋಮಿನ ಬಾಗಿಲು ದಾಟುವವರೆಗೂ ಪೂರ್ತಿ ತಂದೆಯದಾಗಬೇಕು: ಎಬ್ಬಿಸುವುದು, ಮಡಿಲಲ್ಲಿ ಕೂರಿಸಿಕೊಳ್ಳುವುದು, ಶೌಚ, ಸ್ನಾನ, ತಿಂಡಿ, ಡಬ್ಬಿ, ಚೀಲ, ಹಟ, ಸಮಾಧಾನ ಎಲ್ಲವೂ. ಮೊದಲ ವಾರ ಅಂಗಿ ತಿರುಗುಮುರುಗಾಗಬಹುದು, ಡಬ್ಬಿಯಲ್ಲಿ ಬರೀ ಬಾಳೆಹಣ್ಣು ಹೋಗಬಹುದು. ತಾಯಿಯೂ ಅಜ್ಜಿಯೂ ಅದನ್ನು ತಿದ್ದಲು ಹೋಗದೆ ಸುಮ್ಮನಿರುವುದು ಈ ಹಂಚಿಕೆಯ ಅತ್ಯಂತ ಕಠಿಣ ಭಾಗ.

ವೈದ್ಯೆ: ಒಪ್ಪತಕ್ಕ ಮಾತು. ಅಜ್ಜಿಯ ಬಗ್ಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಬೆಳಗಿನ ಜಾವದ ಕೆಲಸಕ್ಕೆ ಅವರನ್ನು ಎಣಿಸಿಕೊಳ್ಳಬಾರದು. ಕಚೇರಿಗೆ ಹೋಗುವವರು ಹೊರಟ ಮೇಲೆ ಹಗಲಿಡೀ ಏಳೇಳು ಕಿಲೋದ ಎರಡು ಕೂಸುಗಳನ್ನು ಎತ್ತಿ ಇಳಿಸಬೇಕಾದ ಬೆನ್ನು, ಮಂಡಿಗಳು ಅವರವು; ಆರೂವರೆಯವರೆಗೆ ಮಲಗಲು ಬಿಟ್ಟರೆ ಸಂಜೆಯವರೆಗೆ ತಾಳುತ್ತವೆ.

ಅಧ್ಯಾಪಕಿ: ಹಾಗಾದರೆ ಬೆಳಗಿನ ಕೆಲಸದಲ್ಲಿ ಒಂದಷ್ಟನ್ನು ಬೆಳಗಿನಿಂದ ತೆಗೆಯಲೇಬೇಕು. ರಾತ್ರಿಯೇ ರವೆ ಹುರಿದಿಟ್ಟು, ತರಕಾರಿ ಹೆಚ್ಚಿಟ್ಟು, ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಿ, ಮಗುವಿನ ಬಟ್ಟೆಯನ್ನು ಒಳಚಡ್ಡಿಯಿಂದ ಕಾಲುಚೀಲದವರೆಗೆ ಒಂದೇ ಗಂಟಾಗಿ ಮಡಿಸಿಡುವುದು ಎಲ್ಲರಿಗೂ ತಿಳಿದದ್ದೇ. ಹೆಚ್ಚು ಗಮನ ಬೇಡುವುದು ಕೂಸಿಗೆ ನೀರು ಹಾಕುವ ಪದ್ಧತಿ. ಬಾಣಂತನದ ಮನೆಯಲ್ಲಿ ಎಣ್ಣೆ ತಿಕ್ಕಿ, ಚಾಚಿದ ಕಾಲುಗಳ ಮೇಲೆ ಮಲಗಿಸಿ, ಬಿಸಿನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುವ ಕ್ರಮ ಬೆಳಿಗ್ಗೆಯೇ ನಡೆಯುತ್ತಿತ್ತು. ಎರಡು ಕೂಸುಗಳಿಗೆ ಅದಕ್ಕೇ ಒಂದು ಗಂಟೆ ಬೇಕು.

ವೈದ್ಯೆ: ಅದನ್ನು ಸಂಜೆಗೆ ಸರಿಸಬಹುದು, ರಾತ್ರಿಯ ನಿದ್ದೆಗೂ ಅದು ಒಳ್ಳೆಯದು. ಹೊಗೆಯನ್ನಂತೂ ಬಿಟ್ಟೇಬಿಡಬೇಕು, ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಹಿತವಲ್ಲ. ಆರು ತಿಂಗಳು ತುಂಬಿ ರಾಗಿ ಸರಿ ಶುರುಮಾಡುವಾಗಲೂ ಹೊಸ ಆಹಾರದ ಮೊದಲ ಚಮಚ ಕೆಲಸದ ದಿನದ ಬೆಳಿಗ್ಗೆ ಬೇಡ. ಭಾನುವಾರ ಹತ್ತು ಗಂಟೆಗೆ ಕೊಟ್ಟರೆ ಮೈಮೇಲೆ ದದ್ದು ಎದ್ದೀತೇ, ವಾಂತಿಯಾದೀತೇ ಎಂದು ನೋಡಲು ಎಲ್ಲರೂ ಮನೆಯಲ್ಲಿರುತ್ತಾರೆ. ಇನ್ನೊಂದು ಚಿಕ್ಕ ಸಂಗತಿ. ಹುಟ್ಟಿದ ಮೊದಲ ವರ್ಷ ಪ್ರತಿದಿನ 400 ಯೂನಿಟ್ ಡಿ ಜೀವಸತ್ವದ ಹನಿ ಹಾಕಬೇಕೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅವಳಿಗಳ ಮನೆಯಲ್ಲಿ ಒಂದು ಕೂಸಿಗೆ ಎರಡು ಸಲ ಬಿದ್ದು ಇನ್ನೊಂದಕ್ಕೆ ಬೀಳದೇ ಹೋಗುವುದುಂಟು. ಅಡುಗೆಮನೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿ, ನಡುವೆ ಗೆರೆ ಎಳೆದು, ಎಡಕ್ಕೆ ಒಂದು ಕೂಸಿನ ಹೆಸರು, ಬಲಕ್ಕೆ ಇನ್ನೊಂದರ ಹೆಸರು ಬರೆದು, ಹಾಲು ಕುಡಿದ ಹೊತ್ತು ಮತ್ತು ಹನಿ ಹಾಕಿದ ಗುರುತನ್ನು ಬಳಪದಲ್ಲಿ ಹಾಕಿದರೆ ತಾಯಿ ಸ್ನಾನಕ್ಕೆ ಹೋಗಿದ್ದರೂ ಅಜ್ಜಿ ಕೇಳಬೇಕಾಗಿಲ್ಲ. ನೋಡಲು ಒಂದೇ ರೀತಿಯಿರುವ ಕೂಸುಗಳಾದರೆ ಒಂದರ ಕಾಲಿಗೆ ಸಡಿಲವಾದ ಕರಿದಾರ ಕಟ್ಟುವುದೂ ಉಪಯೋಗಕ್ಕೆ ಬರುತ್ತದೆ.

ಅಧ್ಯಾಪಕಿ: ದೊಡ್ಡ ಮಗುವಿನ ತಿಂಡಿಯ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಮೊಬೈಲೇ ಮೂರನೆಯ ಕೈ. ಅದನ್ನೂ ಬೇಡವೆಂದರೆ ಈ ಪೋಷಕರ ಮೇಲೆ ಕಠಿಣವಾಗುವುದಿಲ್ಲವೇ?

ವೈದ್ಯೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಕಡಿಮೆಯಾದಷ್ಟೂ ಒಳ್ಳೆಯದು. ದಣಿದ ಪೋಷಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಬೆಳಗಿನ ಲೆಕ್ಕದಲ್ಲಿ ಮೊಬೈಲ್ ಸಮಯ ಉಳಿಸುವುದಿಲ್ಲ: ಬಾಯಿ ತೆರೆಸಲು ಉಳಿದ ಹತ್ತು ನಿಮಿಷ, ಹೊರಡುವಾಗ ಕಿತ್ತುಕೊಂಡ ಮೊಬೈಲಿಗಾಗಿ ನೆಲಕ್ಕೆ ಬಿದ್ದು ಹೊರಳಾಡುವುದರಲ್ಲಿ ಕಳೆದುಹೋಗುತ್ತದೆ. ಅದರ ಬದಲು ನೀಲಿ ಅಂಗಿಯೋ ಹಳದಿ ಅಂಗಿಯೋ, ಇಡ್ಲಿಗೆ ತುಪ್ಪವೋ ಸಕ್ಕರೆಯೋ ಎಂದು ಎರಡರಲ್ಲಿ ಒಂದನ್ನು ಆರಿಸಲು ಬಿಟ್ಟರೆ ಆ ವಯಸ್ಸಿನ ಮಗುವಿಗೆ ತನ್ನ ಮಾತು ನಡೆಯಿತೆಂಬ ತೃಪ್ತಿ ಸಿಗುತ್ತದೆ, ಮುಂದಿನ ಕೆಲಸಕ್ಕೆ ಅದು ತಾನಾಗಿ ಬರುತ್ತದೆ.

ಅಧ್ಯಾಪಕಿ: ಹೊರಡುವುದು ಸ್ಕೂಟರಿನಲ್ಲಾದರೆ ಅದಕ್ಕೂ ಎರಡು ನಿಮಿಷ ಮೀಸಲಿಡಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಚಾಲಕರಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಮಗುವಿನ ಅಳತೆಯ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಇವು ಕಡ್ಡಾಯವೆಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿದೆ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವ ದೃಶ್ಯ ಪ್ರತಿ ರಸ್ತೆಯಲ್ಲೂ ಇದ್ದರೂ ಅದು ಸರಿಯಾಗುವುದಿಲ್ಲ.

ವೈದ್ಯೆ: ಏಳು ಗಂಟೆಗೆ ಬರುವ ಮನೆಗೆಲಸದಾಕೆಯನ್ನೂ ಈ ಲೆಕ್ಕದಲ್ಲಿ ಮರೆಯಬಾರದು. ಮೂರು ಕೂಸುಗಳ ಮನೆಯ ಬೆಳಗು ನಡೆಯಬೇಕಾದರೆ ಅವಳು ತನ್ನ ಮನೆಯ ಬೆಳಗನ್ನು ಆರು ಗಂಟೆಗೇ ಮುಗಿಸಿ ಬರಬೇಕು. ಅವಳಿಗೂ ಚಿಕ್ಕ ಮಕ್ಕಳಿರಬಹುದು.

ಅಧ್ಯಾಪಕಿ: ಆ ಮಕ್ಕಳಿಗೆ ಅಂಗನವಾಡಿಯಿದೆ ಎನ್ನಬಹುದು. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಆದರೆ ಅಂಗನವಾಡಿಯಲ್ಲಿ ಕೂರಿಸಿ ಕಲಿಸುವುದು ಮೂರರಿಂದ ಆರು ವರ್ಷದವರನ್ನು. ಮೂರಕ್ಕಿಂತ ಚಿಕ್ಕವರನ್ನು ಹಗಲು ಹೊತ್ತು ನೋಡಿಕೊಳ್ಳಲು ಉದ್ಯೋಗ ಖಾತರಿಯ ಕೂಲಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆದಿದೆ. ಅಂಥದ್ದು ನಗರದ ಬಡಾವಣೆಗಳಲ್ಲೂ, ಮನೆಗೆಲಸದವರ ಮಕ್ಕಳಿಗೂ ಬೇಕು. ಕಚೇರಿಗೆ ಹೋಗುವ ತಾಯಿಯ ವಿಷಯದಲ್ಲಿ ಕಾನೂನು ಏನು ಕೊಡುತ್ತದೆ ಎಂಬುದನ್ನೂ ನೋಡಬೇಕಲ್ಲ.

ವೈದ್ಯೆ: 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ 26 ವಾರಗಳ ಸಂಬಳಸಹಿತ ರಜೆ ಬಂತು, ಅದಾಗಲೇ ಇಬ್ಬರು ಮಕ್ಕಳಿರುವವರಿಗೆ ಮಾತ್ರ 12 ವಾರ. ಈ ತಾಯಿಗೆ ಅವಳಿಗಳ ಬಸಿರಿನ ಹೊತ್ತಿಗೆ ಇದ್ದದ್ದು ಒಂದೇ ಮಗುವಾದ್ದರಿಂದ 26 ವಾರ ಸಿಗುತ್ತದೆ. ಆದರೆ ಅದರಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು, ಅವಳಿಗಳ ಬಸಿರಿನಲ್ಲಿ ಹಲವರು ತೆಗೆದುಕೊಳ್ಳಲೇಬೇಕಾಗುತ್ತದೆ. ಆಗ ಹೆರಿಗೆಯ ಮೇಲೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಬೇಕೆಂದು ವೈದ್ಯರೇ ಹೇಳುತ್ತಾರೆ, ರಜೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹೀಗಾಗಿ ತಾಯಿ ಬೆಳಗಿನ ಜಾವ ಎದೆಹಾಲು ಹಿಂಡಿಡಬೇಕು. 25 ಡಿಗ್ರಿ ಮೀರದ ಕೋಣೆಯಲ್ಲಿ ಅದು 4 ಗಂಟೆ ಕೆಡದೆ ಇರುತ್ತದೆ, ಫ್ರಿಜ್ಜಿನಲ್ಲಿ 4 ದಿನ. ಬೇಸಗೆಯಲ್ಲಿ ಬೆಂಗಳೂರಿನ ಕೋಣೆಯೂ ಆ ಮಿತಿಯನ್ನು ದಾಟುತ್ತದೆ, ಆದ್ದರಿಂದ ಹಿಂಡಿದ ಕೂಡಲೇ ಫ್ರಿಜ್ಜಿಗೆ ಇಡುವುದು ಲೇಸು. ಕುಡಿಸುವಾಗ ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು, ಒಲೆಯ ಮೇಲೆ ಕಾಯಿಸಬಾರದು. ಬೆಳಗಿನ ಎಲ್ಲ ಕೆಲಸಗಳ ನಡುವೆ ಇದಕ್ಕೆ ಬೇಕಾದ ಅರ್ಧ ಗಂಟೆಯನ್ನು ಯಾವ ವೇಳಾಪಟ್ಟಿಯೂ ಬರೆದುಕೊಂಡಿರುವುದಿಲ್ಲ.

ಅಧ್ಯಾಪಕಿ: ಅದೇ ಕಾಯಿದೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳನ್ನು ಕೊಡಬೇಕೆಂದಿತ್ತು. 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು 2017ರ ತಿದ್ದುಪಡಿ ಸೇರಿಸಿತು. ಆದರೆ ಕೂಸುಗಳು ಮನೆಯಲ್ಲೇ ಅಜ್ಜಿಯ ಬಳಿ ಇದ್ದು, ಕಚೇರಿ ಹದಿನೈದು ಕಿಲೋಮೀಟರ್ ದೂರವಿದ್ದರೆ ಆ ವಿರಾಮ ಏನಕ್ಕೆ ಬಂತು?

ವೈದ್ಯೆ: ಅದನ್ನು ಬೆಳಗಿಗೆ ಕೂಡಿಸಿಕೊಡಬೇಕು. ಕೂಸು ಕಚೇರಿಯಲ್ಲಿಲ್ಲದ ತಾಯಿಗೆ ಎರಡೂ ವಿರಾಮಗಳನ್ನು ಒಟ್ಟುಮಾಡಿ ದಿನದ ಆರಂಭಕ್ಕೆ ಕೊಟ್ಟರೆ ಅವಳಿಗಳ ಎರಡನೆಯ ಹಾಲು, ಬೆಳಗಿನ ನಿದ್ದೆ, ಹಾಲು ಹಿಂಡುವುದು ಇವೆಲ್ಲ ಓಟವಿಲ್ಲದೆ ಮುಗಿಯುತ್ತವೆ. ತಂದೆಗೂ ಅಷ್ಟೇ ಬೇಕು. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನದ ರಜೆಯಿದೆ. ಖಾಸಗಿ ಕೆಲಸದವನಿಗೆ ಅಷ್ಟೂ ಕಡ್ಡಾಯವಿಲ್ಲ. ದೊಡ್ಡ ಮಗುವಿನ ಬೆಳಗು ಪೂರ್ತಿ ಅವನದಾಗಬೇಕೆಂದು ಹೇಳಿದ ಮೇಲೆ ಒಂಬತ್ತಕ್ಕೇ ಅವನು ಮೇಜಿನ ಮುಂದಿರಬೇಕೆಂದು ಕೇಳುವುದು ನ್ಯಾಯವಲ್ಲ. ಕಿರಿಯ ಮಕ್ಕಳಿಗೆ 15 ತಿಂಗಳಾಗುವವರೆಗೆ ತಂದೆ–ತಾಯಿ ಇಬ್ಬರೂ ಒಂದು ಗಂಟೆ ತಡವಾಗಿ ಕೆಲಸ ಆರಂಭಿಸಬಹುದೆಂದು ಪ್ರತಿಯೊಂದು ಸಂಸ್ಥೆಯೂ ತನ್ನ ನಿಯಮದಲ್ಲಿ ಬರೆದುಕೊಳ್ಳಬೇಕು. ಅದಕ್ಕೆ ಹೊಸ ಕಾಯಿದೆಗಾಗಿ ಕಾಯಬೇಕಾಗಿಲ್ಲ.